ಬ್ಯಾಂಕಿನ ಬಾಗಿಲಲ್ಲಿ ಬಿಟ್‌ಕಾಯಿನ್

ಯುನೋಕಾಯಿನ್ ಭಾರತದ ಮೊದಮೊದಲ ಬಿಟ್‌ಕಾಯಿನ್ ವಿನಿಮಯ ಕಂಪನಿಗಳಲ್ಲಿ ಒಂದು. ಸಾತ್ವಿಕ್ ವಿಶ್ವನಾಥ್, ಬಿ.ವಿ. ಹರೀಶ್, ಅಭಿನಂದ್ ಕಾಸೇಟಿ ಮತ್ತು ಸನ್ನಿ ರೇ ಎಂಬ ನಾಲ್ವರು ಸೇರಿ 2013ರಲ್ಲಿ ಇದನ್ನು ಕಟ್ಟಿದರು. ತುಮಕೂರು, ಬೆಂಗಳೂರುಗಳಲ್ಲಿ ಬೇರುಬಿಟ್ಟ ಈ ಕಂಪನಿಯನ್ನು ಮುನ್ನಡೆಸಿದ ಸಾತ್ವಿಕ್ ಅವರ ದಾರಿಯನ್ನು ಗಮನಿಸಿದರೆ, ಕ್ರಿಪ್ಟೊ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದ ಉದ್ಯಮ ಕರ್ನಾಟಕದಲ್ಲಿ ಹೇಗೆ ಹುಟ್ಟಿತು, ಎಲ್ಲಿ ಮುಗ್ಗರಿಸಿತು, ಯಾವ ಕಟ್ಟಳೆಗೆ ಒಳಪಟ್ಟಿತು ಎಂಬುದು ಒಂದೇ ಎಳೆಯಲ್ಲಿ ಸಿಗುತ್ತದೆ. ಬ್ಯಾಂಕಿನ ಹಂಗು ಬೇಡವೆಂದು ಹುಟ್ಟಿದ ಹಣದ ವ್ಯಾಪಾರ ಹೆಜ್ಜೆಹೆಜ್ಜೆಗೂ ಬ್ಯಾಂಕ್ ಖಾತೆಯನ್ನೇ ನೆಚ್ಚಬೇಕಾಯಿತು ಎಂಬುದೇ ಆ ಎಳೆ.

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿ 3ರಂದು. ಅದನ್ನು ರೂಪಿಸಿದ ಸತೋಶಿ ನಕಮೊಟೊ ಎಂಬ ಹೆಸರಿನ ಹಿಂದೆ ಯಾರಿದ್ದಾರೆಂದು ಇಂದಿಗೂ ಖಚಿತವಾಗಿಲ್ಲ. ಹೊಸ ನಾಣ್ಯ ಚಲಾವಣೆಗೆ ಬರುವ ಬಗೆಯನ್ನು ಅವರು ಚಿನ್ನದ ಗಣಿಗಾರಿಕೆಗೆ ಹೋಲಿಸಿದ್ದರು. ಲಿಂಗಸುಗೂರು ತಾಲ್ಲೂಕಿನವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 1947ರಲ್ಲಿ ಕಂಪನಿಯ ರೂಪ ಪಡೆದ ಅಲ್ಲಿನ ಹಟ್ಟಿ ಚಿನ್ನದ ಗಣಿಯಲ್ಲಿ ಟನ್ನುಗಟ್ಟಲೆ ಅದಿರು ಮೇಲೆತ್ತಿ, ಅರೆದು, ಸಂಸ್ಕರಿಸಿದ ಮೇಲೆಯೇ ಕೆಲವು ಗ್ರಾಂ ಚಿನ್ನ ಕೈಗೆ ಬರುತ್ತದೆ. ಬಿಟ್‌ಕಾಯಿನ್‌ನಲ್ಲಿ ಕಂಪ್ಯೂಟರು ಮತ್ತು ವಿದ್ಯುತ್ತು ಆ ದುಡಿಮೆ ಮಾಡುತ್ತವೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ವಹಿವಾಟುಗಳ ಒಂದು ಕಂತು ಲೆಕ್ಕದ ಪುಸ್ತಕಕ್ಕೆ ಸೇರುತ್ತದೆ. ಸೇರಿಸಿದವರಿಗೆ ಹೊಸ ನಾಣ್ಯ ಸಿಗುತ್ತದೆ. ಮೊದಲು 50 ಇದ್ದ ಈ ಪ್ರತಿಫಲ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿದಿದೆ. ಒಟ್ಟು ನಾಣ್ಯಗಳು 2.1 ಕೋಟಿಯನ್ನು ಮೀರಲಾರವು. ಗಣಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ: ಹಟ್ಟಿಯ ಚಿನ್ನ ಕೊರಳಿಗೂ ಬರುತ್ತದೆ, ಅಡವಿಡಲೂ ಆಗುತ್ತದೆ. ಬಿಟ್‌ಕಾಯಿನ್‌ಗೆ ಬೆಲೆ ಬರುವುದು ಮತ್ತೊಬ್ಬ ಕೊಳ್ಳುವವನು ಇರುವವರೆಗೆ ಮಾತ್ರ.

ಆ ಮತ್ತೊಬ್ಬನನ್ನು ಹುಡುಕಿಕೊಡುವುದೇ ವಿನಿಮಯ ಕಂಪನಿಯ ಕಸುಬು. ಗ್ರಾಹಕ ತನ್ನ ಖಾತೆಯಿಂದ ಕಂಪನಿಯ ಖಾತೆಗೆ ರೂಪಾಯಿ ಹಾಕುತ್ತಾನೆ, ಅಂದಿನ ಧಾರಣೆಗೆ ನಾಣ್ಯ ಪಡೆಯುತ್ತಾನೆ. ಮಾರಿದಾಗ ರೂಪಾಯಿ ಖಾತೆಗೆ ಮರಳುತ್ತದೆ. ಕೊಡುಕೊಳ್ಳುವಿಕೆಯ ಶುಲ್ಕವೇ ಕಂಪನಿಯ ಮುಖ್ಯ ಆದಾಯ. ನಾಣ್ಯ ಎಲ್ಲಿಗೆ ಬೇಕಾದರೂ ಹೋಗಬಹುದು, ಆದರೆ ರೂಪಾಯಿ ಹೋಗಲು ಬ್ಯಾಂಕೇ ಬೇಕು. ಸಾತ್ವಿಕ್ ಮತ್ತು ಸಂಗಡಿಗರು ಅಂಗಡಿ ತೆರೆದ ವರ್ಷವೇ, 2013ರ ಡಿಸೆಂಬರ್ 24ರಂದು, ರಿಸರ್ವ್ ಬ್ಯಾಂಕು ಇಂಥ ಹಣದ ಅಪಾಯಗಳ ಬಗ್ಗೆ ಜನರಿಗೆ ಮೊದಲ ಎಚ್ಚರಿಕೆ ಕೊಟ್ಟಿತು. ನಿಷೇಧ ಹೇರಲಿಲ್ಲ, ಅನುಮತಿಯನ್ನೂ ನೀಡಲಿಲ್ಲ. ಮುಂದಿನ ನಾಲ್ಕು ವರ್ಷ ಉದ್ಯಮ ಈ ಮಬ್ಬಿನಲ್ಲೇ ಬೆಳೆಯಿತು. 2014ರಲ್ಲಿ ಅಮೆರಿಕದ ಬ್ಯಾರಿ ಸಿಲ್ಬರ್ಟ್ ಅವರ ಸಂಸ್ಥೆಯಿಂದ ಯುನೋಕಾಯಿನ್‌ಗೆ ಬಂಡವಾಳ ಬಂತು, 2016ರಲ್ಲಿ ಇನ್ನಷ್ಟು ಹೂಡಿಕೆದಾರರು ಕೈಜೋಡಿಸಿದರು. 2017ರ ಕೊನೆಗೆ ಬಿಟ್‌ಕಾಯಿನ್ ಬೆಲೆ 20 ಸಾವಿರ ಡಾಲರಿನ ಸಮೀಪಕ್ಕೆ ಏರಿದಾಗ ಗ್ರಾಹಕರು ಮುಗಿಬಿದ್ದರು. ಅದೇ 2017ರಲ್ಲಿ ಕಂಪನಿಯಿಂದ 60.6 ಬಿಟ್‌ಕಾಯಿನ್ ಕಳುವಾಯಿತು. ತುಮಕೂರಿನಲ್ಲಿ ದಾಖಲಾದ ಆ ಪ್ರಕರಣ ಮುಂದೆ ರಾಜ್ಯದ ವಿಶೇಷ ತನಿಖಾ ತಂಡದ ಕೈಸೇರಿತು.

ದೊಡ್ಡ ಪೆಟ್ಟು ಬಿದ್ದದ್ದು 2018ರ ಏಪ್ರಿಲ್ 6ರಂದು. ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಯಾವ ಸೇವೆಯನ್ನೂ ನೀಡಕೂಡದು, ಈಗಾಗಲೇ ನೀಡುತ್ತಿದ್ದರೆ ಮೂರು ತಿಂಗಳೊಳಗೆ ನಿಲ್ಲಿಸಬೇಕು ಎಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಕ್ರಿಪ್ಟೊ ಇಟ್ಟುಕೊಳ್ಳುವುದನ್ನು ಯಾವ ಕಾನೂನೂ ಅಪರಾಧವೆಂದಿರಲಿಲ್ಲ. ಆದರೆ ಖಾತೆಯಿಲ್ಲದ ವಿನಿಮಯ ಕಂಪನಿಗೆ ಉಸಿರಾಡುವುದೂ ಕಷ್ಟ. ಜುಲೈಯಲ್ಲಿ ಬ್ಯಾಂಕಿನ ಬಾಗಿಲು ಮುಚ್ಚಿತು.

ಸಾತ್ವಿಕ್ ಮತ್ತು ಹರೀಶ್ ಕಂಡುಕೊಂಡ ಉಪಾಯ ಬ್ಯಾಂಕನ್ನೇ ಬದಿಗಿಟ್ಟು ಹೋಗುವಂಥದ್ದು. 2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಎಟಿಎಂ ಹೋಲುವ ಯಂತ್ರವೊಂದನ್ನು ನಿಲ್ಲಿಸಿದರು. ನೋಂದಾಯಿತ ಗ್ರಾಹಕ ಮೊಬೈಲಿಗೆ ಬರುವ ಒಟಿಪಿ ಒತ್ತಿ ಕನಿಷ್ಠ 1,000 ರೂಪಾಯಿ ನಗದು ಹಾಕಿದರೆ ಆ ಮೊತ್ತ ಅವನ ಯುನೋಕಾಯಿನ್ ಲೆಕ್ಕಕ್ಕೆ ಜಮೆಯಾಗುತ್ತಿತ್ತು, ಅಲ್ಲಿಂದ ನಾಣ್ಯ ಕೊಳ್ಳಬಹುದಿತ್ತು. ದೆಹಲಿ, ಮುಂಬಯಿಗಳಲ್ಲೂ ಇಂಥವನ್ನು ಇಡುವ ಯೋಜನೆಯಿತ್ತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರು ಯಂತ್ರವನ್ನು ಜಪ್ತಿ ಮಾಡಿ ಮೊದಲು ಹರೀಶ್ ಅವರನ್ನೂ ಬಳಿಕ ಸಾತ್ವಿಕ್ ಅವರನ್ನೂ ಬಂಧಿಸಿದರು. ಯಂತ್ರಕ್ಕೆ ರಾಜ್ಯ ಸರ್ಕಾರದ್ದಾಗಲಿ ರಿಸರ್ವ್ ಬ್ಯಾಂಕಿನದ್ದಾಗಲಿ ಅನುಮತಿ ಇರಲಿಲ್ಲ ಎಂಬುದು ಪೊಲೀಸರ ವಾದ. ಹಣಕಾಸು ಸಚಿವ ಅರುಣ್ ಜೇಟ್ಲಿ ಬಜೆಟ್ ಭಾಷಣದಲ್ಲಿ ಕ್ರಿಪ್ಟೊ ಕಾನೂನುಬದ್ಧ ಚಲಾವಣೆಯ ಹಣವಲ್ಲ ಎಂದಿದ್ದರೇ ಹೊರತು ಅಪರಾಧ ಎಂದಿರಲಿಲ್ಲ ಎಂಬುದು ಕಂಪನಿಯ ನಿಲುವು. ಅನುಮತಿ ಕೊಡುವ ಪ್ರಾಧಿಕಾರವೇ ಇಲ್ಲದ ವ್ಯವಹಾರಕ್ಕೆ ಅನುಮತಿ ಇಲ್ಲವೆಂದು ಉದ್ಯಮಿಗಳನ್ನು ಬಂಧಿಸಿದ್ದು ಅಂದಿನ ಕಾನೂನಿನ ಕೊರತೆಯನ್ನು ಎತ್ತಿ ತೋರಿಸಿತು. ಜನರ ನಗದಿಗೆ ಜವಾಬ್ದಾರಿ ಯಾರದು ಎಂಬ ಪೊಲೀಸರ ಚಿಂತೆಯನ್ನೂ ಹಾಗೆಂದು ತಳ್ಳಿಹಾಕುವಂತಿರಲಿಲ್ಲ.

ಬಾಗಿಲು ತೆರೆದದ್ದು ಸುಪ್ರೀಂ ಕೋರ್ಟ್. ಇಂಟರ್ನೆಟ್ ಅಂಡ್ ಮೊಬೈಲ್ ಅಸೋಸಿಯೇಷನ್ ಆಫ್ ಇಂಡಿಯಾ ಸಲ್ಲಿಸಿದ್ದ ಅರ್ಜಿಯ ಮೇಲೆ ನ್ಯಾಯಮೂರ್ತಿಗಳಾದ ರೋಹಿಂಟನ್ ನಾರಿಮನ್, ಅನಿರುದ್ಧ ಬೋಸ್ ಮತ್ತು ವಿ. ರಾಮಸುಬ್ರಮಣಿಯನ್ ಅವರ ಪೀಠ 2020ರ ಮಾರ್ಚ್ 4ರಂದು ಸುತ್ತೋಲೆಯನ್ನು ರದ್ದುಮಾಡಿತು. ಮುನ್ನೆಚ್ಚರಿಕೆ ವಹಿಸುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇದೆ, ಆದರೆ ಈ ವ್ಯವಹಾರದಿಂದ ಬ್ಯಾಂಕುಗಳಿಗೆ ಹಾನಿಯಾಗಿದೆ ಎಂದು ಅದು ತೋರಿಸಿಲ್ಲ, ಹಾಗಾಗಿ ಕ್ರಮ ಅಗತ್ಯಕ್ಕೆ ಮೀರಿದ್ದು ಎಂದು ಪೀಠ ಹೇಳಿತು. ಅದೇ ವರ್ಷ ಅಮೆರಿಕದ ಹೂಡಿಕೆದಾರ ಟಿಮ್ ಡ್ರೇಪರ್ ಅವರ ನಿಧಿ ಯುನೋಕಾಯಿನ್‌ಗೆ ಬಂಡವಾಳ ಹಾಕಿತು. ಆದರೂ ಕೆಲವು ಬ್ಯಾಂಕುಗಳು ರದ್ದಾದ ಸುತ್ತೋಲೆಯನ್ನೇ ತೋರಿಸಿ ಗ್ರಾಹಕರನ್ನು ಎಚ್ಚರಿಸುತ್ತಿದ್ದವು. ಹಾಗೆ ಮಾಡಕೂಡದೆಂದು 2021ರ ಮೇ 31ರಂದು ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು.

ಅಲ್ಲಿಂದಾಚೆಗೆ ಸರ್ಕಾರ ಹಿಡಿದದ್ದು ತೆರಿಗೆಯ ದಾರಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ, ಜುಲೈಯಿಂದ ಮಾರಾಟದ ಮೊತ್ತದ ಮೇಲೆ ಶೇ 1 ಟಿಡಿಎಸ್. ಸಿಂಧನೂರಿನ ಅಕ್ಕಿ ವ್ಯಾಪಾರಿ ಒಂದು ಖರೀದಿಯಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರ ಲಾಭದಲ್ಲಿ ವಜಾ ಮಾಡಿ ತೆರಿಗೆ ಕಟ್ಟಬಹುದು. ಕ್ರಿಪ್ಟೊದಲ್ಲಿ ಅದಕ್ಕೆ ಅವಕಾಶವಿಲ್ಲ: ಒಂದು ನಾಣ್ಯದಲ್ಲಿ 50,000 ರೂಪಾಯಿ ಗಳಿಸಿ ಮತ್ತೊಂದರಲ್ಲಿ ಅಷ್ಟೇ ಕಳೆದುಕೊಂಡರೂ ಗಳಿಕೆಯ ಮೇಲೆ 15,000 ರೂಪಾಯಿ ಹಾಗೂ ಸೆಸ್ ಕಟ್ಟಲೇಬೇಕು. 2023ರ ಮಾರ್ಚ್‌ನಲ್ಲಿ ವಿನಿಮಯ ಕಂಪನಿಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ತರಲಾಯಿತು. ಪ್ಯಾನ್ ಮತ್ತು ವಿಳಾಸದ ದಾಖಲೆ ಪಡೆಯುವುದು, ಅನುಮಾನಾಸ್ಪದ ವಹಿವಾಟನ್ನು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡುವುದು ಅವುಗಳ ಕರ್ತವ್ಯವಾಯಿತು. ಈ ನಡುವೆ ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ತನ್ನದೇ ಡಿಜಿಟಲ್ ರೂಪಾಯಿಯನ್ನು ಜನಬಳಕೆಯ ಪ್ರಯೋಗಕ್ಕೆ ಬಿಟ್ಟಿತು. ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು.

ಮಸ್ಕಿ, ಲಿಂಗಸುಗೂರು, ಸಿಂಧನೂರಿನಲ್ಲಿ ಮೊಬೈಲಿನಲ್ಲೇ ವಿನಿಮಯ ಕಂಪನಿಯ ಖಾತೆ ತೆರೆಯುವವರು ತಿಳಿದಿರಬೇಕಾದ ವ್ಯತ್ಯಾಸವೊಂದಿದೆ. ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನಂಥ ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ವಿನಿಮಯ ಕಂಪನಿಯಲ್ಲಿರುವ ನಾಣ್ಯಕ್ಕೆ ಆ ರಕ್ಷಣೆಯಿಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ದೊಡ್ಡ ವಿನಿಮಯ ಕಂಪನಿಯಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದಾಗ ಗ್ರಾಹಕರು ತಮ್ಮದೇ ಹಣಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಾಯಿತು. ದುಪ್ಪಟ್ಟು ಮಾಡಿಕೊಡುತ್ತೇವೆಂದು ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಕರೆಯುವವರಿಗೂ ನೋಂದಾಯಿತ ವಿನಿಮಯ ಕಂಪನಿಗಳಿಗೂ ಸಂಬಂಧವಿಲ್ಲ. ಅಂಥವರಿಗೆ ಹಣ ಕಳಿಸಿ ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಿದರೆ, ಹಣ ಇನ್ನೂ ಯಾವುದಾದರೂ ಬ್ಯಾಂಕ್ ಖಾತೆಯಲ್ಲಿದ್ದಲ್ಲಿ ಅದನ್ನು ತಡೆಹಿಡಿಯಲು ಸಾಧ್ಯ; ನಾಣ್ಯವಾಗಿ ಬದಲಾಗಿ ಹೊರಟಮೇಲೆ ಮರಳಿ ಪಡೆಯುವುದು ಬಹಳ ಕಷ್ಟ.