ಭಯ ಬಿಟ್ಟರೆ ನೋವು ಅರ್ಧವೇ?

ಹೋದ ವರ್ಷ ನಮ್ಮ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಏಳನೇ ತಿಂಗಳಲ್ಲಿ ಕುಬುಸದ ಕಾರ್ಯ ಮುಗಿಸಿ, ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊಸಪೇಟೆಗೆ ಕರೆತಂದೆವು. ಬಂದ ಮೂರನೇ ದಿನದಿಂದ ಒಂದು ವಿಚಿತ್ರ ಶುರುವಾಯಿತು. ಸಂಜೆ ನಾಲ್ಕಾದರೆ ಕೋಣೆಯ ಬಾಗಿಲು ಮುಂದೆ ಮಾಡಿ, ಎಡಮಗ್ಗುಲಿಗೆ ಮಲಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿಬಿಡುವಳು. ಅರ್ಧ ಗಂಟೆ ಮಾತಿಲ್ಲ, ಕತೆಯಿಲ್ಲ.

ಐದನೇ ತರಗತಿಯಲ್ಲಿರುವ ನನ್ನ ಮೊಮ್ಮಗ, ಅಂದರೆ ಮಗನ ಮಗ, ಗುಟ್ಟು ಪತ್ತೆ ಹಚ್ಚಿ ಅಡುಗೆಮನೆಗೆ ಓಡಿದ. "ಅಜ್ಜೀ, ಅತ್ತೆ ಹಿಪ್ನಾಟಿಸಂ ಕೇಳ್ತಿದಾಳೆ!"

ನನ್ನ ಹೆಂಡತಿಯ ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ಹಿಪ್ನಾಟಿಸಂ ಎಂದರೆ ಅವಳಿಗೆ ಗೊತ್ತಿರುವುದು ಜಾದೂ ಪ್ರದರ್ಶನ. ನನಗೂ ಅಷ್ಟೇ. ಕರಿ ಕೋಟಿನ ಜಾದೂಗಾರ ಒಬ್ಬ ಹುಡುಗನನ್ನು ಎರಡು ಕುರ್ಚಿಗಳ ನಡುವೆ ಹಲಗೆಯಂತೆ ಮಲಗಿಸಿದ್ದನ್ನು ಚಿಕ್ಕಂದಿನಲ್ಲಿ ಬಾಯಿ ತೆರೆದು ನೋಡಿದವನು ನಾನು. ಬಸುರಿ ಹೆಂಗಸಿಗೆ ವಶೀಕರಣವೇ?

ಮಗಳನ್ನು ಕೂರಿಸಿ ಕೇಳಿದೆವು. ಅವಳು ಹೇಳಿದ್ದು ಕೇಳಿ ನನಗಿಂತ ನನ್ನ ಹೆಂಡತಿಗೆ ಪೆಟ್ಟಾಯಿತು.

"ನನಗೆ ಹೆರಿಗೆ ಅಂದ್ರೆ ಹೆದರಿಕೆ, ಅಪ್ಪಾ. ಮೊದಲ ಸಲ ತೋರಿಸೋಕೆ ಹೋದಾಗಲೇ ಡಾಕ್ಟರಿಗೆ, ನನಗೆ ನೇರವಾಗಿ ಆಪರೇಷನ್ ಮಾಡಿಬಿಡಿ ಅಂದಿದ್ದೆ. ಅವರೇ, ಮೊದಲು ಹೆದರಿಕೆಗೆ ಮದ್ದು ಮಾಡೋಣ ಅಂತ ಈ ಕ್ಲಾಸಿಗೆ ಕಳಿಸಿದ್ದು."

"ಯಾಕೆ ಅಷ್ಟು ಹೆದರಿಕೆ?"

ಮಗಳು ತಾಯಿಯ ಮುಖ ನೋಡಿದಳು. "ನನ್ನ ಪ್ರತಿ ಹುಟ್ಟುಹಬ್ಬಕ್ಕೂ ಅಮ್ಮ ಹೇಳ್ತಿದ್ದಳಲ್ಲ. ನಿನ್ನನ್ನು ಹೆರೋಕೆ ಎರಡು ದಿನ ಸತ್ತು ಬದುಕಿದೆ ಅಂತ."

ಹೌದು, ಹೇಳುತ್ತಿದ್ದಳು. ಪಾಯಸ ಬಡಿಸುತ್ತಾ, ನಗುನಗುತ್ತಾ, ಬಂದ ನೆಂಟರ ಮುಂದೆಲ್ಲ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು. ಎಂಟು ವರ್ಷದ ಹುಡುಗಿ ಅದನ್ನು ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡು ಬೆಳೆದಳೆಂದು ಯಾರಿಗೆ ಗೊತ್ತಿತ್ತು? ನಮ್ಮ ಕಟ್ಟೆಯ ಮೇಲೆ, ಮದುವೆ ಮನೆಗಳಲ್ಲಿ, ಹೆಂಗಸರು ಹೆರಿಗೆಯ ಕತೆ ಹೇಳುವಾಗ ಸುತ್ತ ಆಡುವ ಮಕ್ಕಳ ಕಿವಿ ತೆರೆದೇ ಇರುತ್ತದೆ.

ಅಂದಿನಿಂದ ನಾನು ಓದತೊಡಗಿದೆ. ಪೋತಿ ಬಿದ್ದ ಲೆಕ್ಕ ಸಿಗುವವರೆಗೆ ಮನೆಗೆ ಹೋಗದ ಬ್ಯಾಂಕ್ ಗುಮಾಸ್ತನ ಚಟ ನಿವೃತ್ತನಾದರೂ ಬಿಟ್ಟಿಲ್ಲ.

ಮಕ್ಕಳೇ, ಸಂಮೋಹನ ಎಂದರೆ ನಿದ್ದೆಯಲ್ಲ, ಮೂರ್ಛೆಯೂ ಅಲ್ಲ. ಟಿ.ವಿ.ಯಲ್ಲಿ ಕೊನೆಯ ಓವರ್ ನಡೆಯುತ್ತಿರುತ್ತದೆ. ಅಮ್ಮ ಮೂರು ಸಲ ಊಟಕ್ಕೆ ಕರೆದದ್ದು ನಿಮಗೆ ಕೇಳಿಸುವುದೇ ಇಲ್ಲ. ಕಾಲಿಗೆ ಸೊಳ್ಳೆ ಕಚ್ಚಿದ್ದೂ ತಿಳಿಯುವುದಿಲ್ಲ. ಕಿವಿ, ಕಾಲು ಎರಡೂ ಸರಿಯಾಗಿಯೇ ಇವೆ, ಮನಸ್ಸು ಮಾತ್ರ ಒಂದೇ ಕಡೆ ನಿಂತಿದೆ. ಇದನ್ನೇ ಬೇಕೆಂದು, ಅಭ್ಯಾಸದಿಂದ ತಂದುಕೊಳ್ಳುವುದು ಸಂಮೋಹನ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಬ್ರೇಡ್ 1841ರಲ್ಲಿ ಇಂಥದೊಂದು ಪ್ರದರ್ಶನ ನೋಡಿ, ಮೋಸವಿದೆಯೇ ಎಂದು ಪರೀಕ್ಷಿಸಲು ಹೋಗಿ, ತಾನೇ ಅದರ ಅಧ್ಯಯನಕ್ಕೆ ಕೂತುಬಿಟ್ಟ. ಗ್ರೀಕರ ನಿದ್ರಾದೇವತೆ ಹಿಪ್ನೋಸನಿಂದ ಬಂದ ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದವನು ಅವನೇ. ಆಮೇಲೆ, ಇದು ನಿದ್ದೆಯಲ್ಲವಲ್ಲ, ಹೆಸರು ಸರಿಹೋಗಲಿಲ್ಲ ಎಂದು ಅವನಿಗೇ ಅನಿಸಿತಂತೆ. ಅಷ್ಟರಲ್ಲಿ ಹೆಸರು ಊರೆಲ್ಲ ಹಬ್ಬಿತ್ತು.

ನಮ್ಮ ದೇಶದಲ್ಲಿಯೂ ಇದರ ಕತೆಯಿದೆ. ಬಂಗಾಳದ ಹೂಗ್ಲಿಯಲ್ಲಿದ್ದ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಎಸ್‌ಡೇಲ್ 1845ರಿಂದ ರೋಗಿಗಳನ್ನು ಇದೇ ಬಗೆಯ ಮೆಸ್ಮರಿಸಂ ಸ್ಥಿತಿಗೆ ಒಯ್ದು ದೊಡ್ಡ ದೊಡ್ಡ ಗಡ್ಡೆಗಳನ್ನು ಕೊಯ್ದು ತೆಗೆದ. 1846ರಲ್ಲಿ ಕಲ್ಕತ್ತದಲ್ಲಿ ಅದಕ್ಕಾಗಿಯೇ ಒಂದು ಆಸ್ಪತ್ರೆಯೂ ತೆರೆಯಿತು. ಆದರೆ ಅದೇ ವರ್ಷ ಈಥರ್, ಮರುವರ್ಷ ಕ್ಲೋರೋಫಾರಂ ಬಂದವು. ಮೂಗಿಗೆ ಹಿಡಿದರೆ ಎಚ್ಚರ ತಪ್ಪಿಸುವ ಔಷಧಿ ಇರುವಾಗ, ಗಂಟೆಗಟ್ಟಲೆ ಕೂತು ಸಂಮೋಹನ ಮಾಡುವವರು ಯಾರು?

ಹೆರಿಗೆಯ ವಿಷಯದಲ್ಲಿ ಮಾತ್ರ ಈ ವಿದ್ಯೆ ಬೇರೆ ದಾರಿಯಿಂದ ಮತ್ತೆ ಬಂತು. ಗ್ರ್ಯಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲಿಷ್ ಹೆರಿಗೆ ವೈದ್ಯ ಲಂಡನ್ನಿನ ಬಡವರ ಕೇರಿಯಲ್ಲಿ ಒಬ್ಬಳು ಕ್ಲೋರೋಫಾರಂ ಬೇಡವೆಂದು, ಸದ್ದಿಲ್ಲದೆ ಹೆತ್ತದ್ದನ್ನು ಕಂಡಿದ್ದ. ಯಾಕೆ ಬೇಡವೆಂದೆ ಎಂದು ಕೇಳಿದರೆ, ನನಗೆ ನೋವಾಗಲಿಲ್ಲವಲ್ಲ ಎಂದಳಂತೆ. ಅದೇ ಅವನ ತಲೆ ಕೊರೆಯಿತು. 1933ರಲ್ಲಿ ಅವನು ಪುಸ್ತಕ ಬರೆದ. ಭಯಪಟ್ಟರೆ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು, ನೋವು ಹೆಚ್ಚಾದರೆ ಇನ್ನಷ್ಟು ಭಯ. ಈ ಗಾಣದ ಸುತ್ತಾಟವನ್ನು ಎಲ್ಲಾದರೂ ಒಂದು ಕಡೆ ತಡೆಯಬೇಕು ಎನ್ನುವುದು ಅವನ ವಾದ. ರಷ್ಯನ್ನರು ಮೊದಲು ಬಸುರಿಯರಿಗೆ ಸಂಮೋಹನವನ್ನೇ ಮಾಡಿ ನೋಡಿದರು. ಒಬ್ಬೊಬ್ಬರಿಗೂ ಒಬ್ಬೊಬ್ಬ ವೈದ್ಯ ಕೂರಲು ಎಲ್ಲಿ ಸಾಧ್ಯ? ಕೊನೆಗೆ, ಹೆರಿಗೆಯಲ್ಲಿ ಏನಾಗುತ್ತದೆಂದು ಮೊದಲೇ ಪಾಠ ಹೇಳಿ ಉಸಿರಾಟ ಕಲಿಸುವ ಪದ್ಧತಿಗೆ ಬಂದರು. ಗಂಟೆ ಬಾರಿಸಿದರೆ ನಾಯಿ ಜೊಲ್ಲು ಸುರಿಸುವ ಪಾವ್ಲೋವನ ಪಾಠ ದೊಡ್ಡ ತರಗತಿಯವರಿಗೆ ಗೊತ್ತಿರಬೇಕು, ಅದೇ ತತ್ವ ಇದರ ಹಿಂದೆ. 1951ರಲ್ಲಿ ಅಲ್ಲಿಗೆ ಹೋಗಿ ನೋಡಿಬಂದ ಫ್ರಾನ್ಸಿನ ವೈದ್ಯ ಲಮಾಜ್ ಅದನ್ನು ಪ್ಯಾರಿಸ್ಸಿನಲ್ಲಿ ಕಲಿಸಿದ. ಇಂದಿಗೂ ಗರ್ಭಿಣಿಯರ ತರಗತಿಗಳಲ್ಲಿ ಅವನ ಹೆಸರು ಕೇಳುತ್ತೇವೆ.

ಮೈಯೊಳಗಿನ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಗರ್ಭಕೋಶ ಒಂದು ಸ್ನಾಯುಚೀಲ. ಅದು ಬಿಗಿದು ಸಡಿಲಿ, ಬಿಗಿದು ಸಡಿಲಿ ಮಗುವನ್ನು ಕೆಳಕ್ಕೆ ತಳ್ಳುತ್ತದೆ. ಅದನ್ನು ನಡೆಸುವುದು ಆಕ್ಸಿಟೋಸಿನ್ ಎಂಬ ರಸ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಲು ಅದು ಬೇಕು, ಹೆರಿಗೆಗೆ ಅದು ಅಡ್ಡಗಾಲು.

ಇಷ್ಟು ತಿಳಿದ ಮೇಲೆ ಮಗಳ ಫೋನಿನಲ್ಲಿದ್ದುದನ್ನು ನಾನೂ ಕೇಳಿದೆ. ಅಮೆರಿಕದ ಇಂಗ್ಲಿಷಿನಲ್ಲಿ ಒಬ್ಬ ಹೆಂಗಸು, ನೀನೀಗ ಸಮುದ್ರ ತೀರದಲ್ಲಿ ಮಲಗಿದ್ದೀಯೆ ಎನ್ನುತ್ತಾಳೆ. "ಸಮುದ್ರ ನೋಡಿದ್ದೇ ಎರಡು ಸಲ ಅಪ್ಪಾ. ಕಣ್ಣು ಮುಚ್ಚಿದರೆ ಬಿಸಿಲು, ಮರಳು, ಕಳೆದುಹೋದ ಚಪ್ಪಲಿ ನೆನಪಾಗುತ್ತೆ" ಎಂದಳು ಮಗಳು. "ನೀನೇ ಕನ್ನಡದಲ್ಲಿ ಓದಬಾರದಾ?"

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ. ಸಮುದ್ರ ತೆಗೆದು ಹರಿಗೋಲು ಹಾಕಿದೆ. ಹಂಪಿಯ ತಳವಾರಘಟ್ಟದಿಂದ ಆನೆಗೊಂದಿಗೆ ನಾವೆಲ್ಲ ಹರಿಗೋಲಿನಲ್ಲಿ ದಾಟಿದವರೇ. ಬಿದಿರಿನ ದುಂಡು ಬುಟ್ಟಿ. ನೀರು ಎತ್ತಿದರೆ ಏಳುತ್ತದೆ, ಇಳಿಸಿದರೆ ಇಳಿಯುತ್ತದೆ, ಎದುರು ನಿಲ್ಲುವುದಿಲ್ಲ. ಬೇನೆ ಬಂದಾಗ ಅಲೆ ಎತ್ತುತ್ತಿದೆ ಎಂದುಕೋ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ತಗೋ, ಎಂಟು ಎಣಿಸುವಷ್ಟು ನಿಧಾನ ಬಿಡು. ಹುಬ್ಬು ಸಡಿಲ, ದವಡೆ ಸಡಿಲ, ಭುಜ ಸಡಿಲ, ಅಂಗೈ ಸಡಿಲ. ಅಲೆ ಸುಮಾರು ಒಂದು ನಿಮಿಷದ್ದು. ಮುಂದಿನದು ಬರುವವರೆಗೆ ನೀರು ಶಾಂತ.

ದಿನಾ ಸಂಜೆ ಓದಿದೆ. ನನ್ನದು ಚಲನ್ ನಂಬರು ಕೂಗಿ ಕೂಗಿ ಒರಟಾದ ದನಿ. ಮೊದಲ ದಿನ ಮಗಳಿಗೆ ನಗು ತಡೆಯಲಾಗಲಿಲ್ಲ. ಎರಡನೇ ವಾರ ಹೊತ್ತಿಗೆ "ದವಡೆ ಸಡಿಲ" ಅನ್ನುವಷ್ಟರಲ್ಲಿ ಅವಳ ಮುಖವೇ ಬದಲಾಗುತ್ತಿತ್ತು. ಪಕ್ಕದಲ್ಲಿ ಕೂತ ಮೊಮ್ಮಗ ಗೊರಕೆ ಹೊಡೆಯುತ್ತಿದ್ದ.

ಒಂದು ದಿನ ಓದು ಮುಗಿದ ಮೇಲೆ ಹೆಂಡತಿ ಬಂದು ಮಗಳ ಕಾಲ ಬಳಿ ಕೂತಳು. ಇಷ್ಟು ವರ್ಷ ಹೇಳದೆ ಬಿಟ್ಟಿದ್ದ ಅರ್ಧ ಕತೆಯನ್ನು ಹೇಳಿದಳು. ಆ ಎರಡು ದಿನದಲ್ಲಿ ಬೇನೆ ಇದ್ದದ್ದಕ್ಕಿಂತ ಇಲ್ಲದ ಹೊತ್ತೇ ಹೆಚ್ಚಂತೆ. ನಡುನಡುವೆ ನಿದ್ದೆಯೂ ಬಂದಿತ್ತಂತೆ. ಆಸ್ಪತ್ರೆಯ ಮುದುಕಿ ಆಯಾ ಒಬ್ಬಳು ರಾತ್ರಿಯಿಡೀ ಸೊಂಟ ನೀವುತ್ತಾ, ತನ್ನ ಮೊಮ್ಮಕ್ಕಳ ತಂಟೆ ಹೇಳಿ ನಗಿಸಿದ್ದಳಂತೆ. "ಅವಳ ಕೈ ಬೆಚ್ಚಗಿತ್ತು ಕಣೇ" ಎಂದಳು. ಆ ರಾತ್ರಿ ಗೇಟಿನ ಹೊರಗೆ ಬೀಡಿ ಅಂಗಡಿಯ ಕಟ್ಟೆಯಲ್ಲಿ ಕೂತಿದ್ದ ನನಗೂ ಇದು ಹೊಸ ಸುದ್ದಿ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ನೆನಪಾದರು. ಶಾಲೆ ಕಾಣದ ಆ ತಾಯಿ ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಸಂಮೋಹನ ಎಂಬ ಪದ ಅಂಥ ಸೂಲಗಿತ್ತಿಯರಿಗೆ ಬೇಕಾಗಿರಲಿಲ್ಲ. ಬಿಟ್ಟು ಹೋಗದೆ ಪಕ್ಕದಲ್ಲಿ ಕೂರುವುದು ಅವರಿಗೆ ಗೊತ್ತಿತ್ತು. ಈಗ ಸರ್ಕಾರದ ಲಕ್ಷ್ಯ ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ಜತೆಗೊಬ್ಬರು ಇರಲಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಅದನ್ನೇ ಹೇಳಿತು. ನೋವು ತಗ್ಗಿಸಿಕೊಳ್ಳಲು ಬಯಸುವವರಿಗೆ ಮೈ ಸಡಿಲಿಕೆ, ಉಸಿರಾಟ, ಸಂಗೀತಗಳನ್ನೂ ಸೂಚಿಸಿತು.

ಲಾಭ ಎಷ್ಟು? ಇದನ್ನು ಮುಚ್ಚಿಡಬಾರದು. ಸಂಮೋಹನದ ಬಗ್ಗೆ ನಡೆದ 9 ಪ್ರಯೋಗಗಳನ್ನು, ಅಂದರೆ 2954 ಹೆಂಗಸರ ಲೆಕ್ಕವನ್ನು, ಕಾಕ್ರೇನ್ ಎಂಬ ವೈದ್ಯಕೀಯ ಪರಿಶೀಲನಾ ಸಂಸ್ಥೆ 2016ರಲ್ಲಿ ಒಟ್ಟು ಹಾಕಿತು. ಸಂಮೋಹನ ಕಲಿತವರು ಒಟ್ಟಾರೆ ನೋವಿನ ಔಷಧಿ ಕೇಳಿದ್ದು ಕಡಿಮೆ ಇರಬಹುದು. ಆದರೆ ಬೆನ್ನಿಗೆ ಚುಚ್ಚುವ ಎಪಿಡ್ಯೂರಲ್ ಕಡಿಮೆಯಾಗಲಿಲ್ಲ, ಸಹಜ ಹೆರಿಗೆ ಹೆಚ್ಚಲೂ ಇಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಗುಣಶೀಲ ಆಸ್ಪತ್ರೆಯಲ್ಲಿ 335 ಗರ್ಭಿಣಿಯರ ಮೇಲೆ ಯೋಗದ ಅಧ್ಯಯನ ನಡೆದು 2005ರಲ್ಲಿ ಪ್ರಕಟವಾಯಿತು. ದಿನಕ್ಕೊಂದು ಗಂಟೆ ಆಸನ, ಉಸಿರಾಟ, ಧ್ಯಾನ ಮಾಡಿದವರಲ್ಲಿ ಎರಡೂವರೆ ಕಿಲೋ ದಾಟಿದ ಕೂಸುಗಳು ಹೆಚ್ಚು, ದಿನ ತುಂಬದ ಹೆರಿಗೆ ಕಡಿಮೆ. ಇದು ಸಂಮೋಹನವಲ್ಲ, ಅದರ ದಾಯಾದಿ ಎನ್ನಬಹುದು. ರಕ್ತಸ್ರಾವವಾದರೆ, ನೀರು ಹೋದರೆ, ಮಗುವಿನ ಓಡಾಟ ಕಡಿಮೆಯಾದರೆ ಉಸಿರು ಎಣಿಸುತ್ತಾ ಮನೆಯಲ್ಲಿ ಕೂರುವಂತಿಲ್ಲ. ಆಸ್ಪತ್ರೆಗೆ ಹೊರಡಬೇಕು, ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು.

ಬೇನೆ ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ. ಮೊಮ್ಮಗ ಕ್ರಿಕೆಟ್ ಸ್ಕೋರು ಬರೆಯುವ ನೋಟ್‌ಬುಕ್ ತಂದು, ಅತ್ತೆ "ಬಂತು" ಎಂದಾಗ ಒಂದು ಗೆರೆ, "ಹೋಯ್ತು" ಎಂದಾಗ ಒಂದು ಗೆರೆ, ಪಕ್ಕದಲ್ಲಿ ಗಡಿಯಾರದ ಹೊತ್ತು ಬರೆದ. ಇಪ್ಪತ್ತು ನಿಮಿಷಕ್ಕೊಂದು ಇದ್ದದ್ದು ಮಧ್ಯಾಹ್ನಕ್ಕೆ ಹತ್ತು, ಸಂಜೆಗೆ ಐದು ನಿಮಿಷಕ್ಕೊಂದಾಯಿತು. ಡಾಕ್ಟರು ಹೇಳಿದ್ದ ಗುರುತು ಅದೇ. ಆಸ್ಪತ್ರೆಯಲ್ಲಿ ನರ್ಸಮ್ಮ ಆ ಪುಟ ನೋಡಿ, "ಇಷ್ಟು ಚೊಕ್ಕ ಲೆಕ್ಕ ಯಾರೂ ತಂದಿರಲಿಲ್ಲ" ಎಂದರು. ಹುಡುಗ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಹೆಂಡತಿ ಒಳಗೆ ಹೋದಳು. ನಾನು ಈ ಸಲವೂ ಹೊರಗೇ. ರಾತ್ರಿಯೆಲ್ಲ ಮಗಳು ಎಣಿಸುತ್ತಲೇ ಇದ್ದಳಂತೆ. ನಡುನಡುವೆ ಕೂಗಿದಳು, ಅತ್ತಳು, ಮತ್ತೆ ಎಣಿಸಿದಳು. ಬೆಳಗಿನ ಜಾವ ಮಗುವಿನ ಎದೆಬಡಿತ ಇಳಿಯಿತು. ಇನ್ನು ಕಾಯುವಂತಿಲ್ಲ, ಸಿಸೇರಿಯನ್ ಮಾಡಬೇಕು ಎಂದರು ಡಾಕ್ಟರು. ಕಾಗದಕ್ಕೆ ಸಹಿ ಹಾಕುವಾಗ ಅಳಿಯನ ಕೈ ನಡುಗುತ್ತಿತ್ತು. ಬಾಗಿಲಲ್ಲಿ ಮಗಳ ಮುಖ ಒಂದು ಕ್ಷಣ ಕಂಡಿತು. ತುಟಿ ಅಲ್ಲಾಡುತ್ತಿತ್ತು, ಐದು, ಆರು, ಏಳು. ಬೆನ್ನಿಗೆ ಸೂಜಿ ಚುಚ್ಚುವಾಗಲೂ ಅದನ್ನೇ ಹಿಡಿದುಕೊಂಡಿದ್ದೆ ಎಂದು ಆಮೇಲೆ ಹೇಳಿದಳು.

ಹೆಣ್ಣುಕೂಸು. ಎರಡು ಕಿಲೋ ಒಂಬೈನೂರು ಗ್ರಾಂ. ತಾಯಿ ಮಗು ಇಬ್ಬರೂ ಕ್ಷೇಮ.

ಮೂರನೇ ದಿನ ಮಗಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. "ಸರಿಯಾಗಿ ಅಭ್ಯಾಸ ಮಾಡಿದ್ದರೆ ನೋವೇ ಇರುವುದಿಲ್ಲ ಅಂದಿದ್ದರು. ನಾನೇ ಸರಿ ಮಾಡಲಿಲ್ಲ." ಅಲ್ಲೇ ನಿಂತಿದ್ದ ಮೊಮ್ಮಗ ನನ್ನ ಅಂಗಿ ಜಗ್ಗಿದ. "ಅಜ್ಜಾ, ಅತ್ತೆ ಫೇಲಾ?"

ನನಗೆ ಸಿಟ್ಟು ಬಂದದ್ದು ಆಗಲೇ. ಹುಡುಗನ ಮೇಲಲ್ಲ, ಹಾಗೆ ಆಶ್ವಾಸನೆ ಕೊಡುವವರ ಮೇಲೆ. ಬಸುರಿಗೆ ಧೈರ್ಯ ಮಾರಲು ಹೋಗಿ, ನೋವಾದರೆ ತಪ್ಪು ನಿನ್ನದೇ ಎಂಬ ಷರತ್ತನ್ನು ಸಣ್ಣಕ್ಷರದಲ್ಲಿ ಸೇರಿಸಿಬಿಡುತ್ತಾರೆ. ಕೂಸಿನ ಎದೆಬಡಿತ ಇಳಿದದ್ದಕ್ಕೂ ಇವಳ ಉಸಿರಿನ ಎಣಿಕೆಗೂ ಏನು ಸಂಬಂಧ? ಹೆಂಡತಿ ಮಾತ್ರ ಸಿಟ್ಟಾಗಲಿಲ್ಲ. ಮಗಳ ತಲೆ ನೇವರಿಸಿ, "ಆಪರೇಷನ್ನಿಗೆ ಹೆದರಿ ನಡುಗಿದ್ದು ನಿನ್ನ ಗಂಡ, ಅಪ್ಪ. ನೀನಲ್ಲ. ನಾನು ನೋಡಿದೀನಿ" ಎಂದಳು. ಮೊಮ್ಮಗನಿಗೆ ಅಷ್ಟು ಉತ್ತರ ಸಾಕಾಯಿತು. ಮಗಳಿಗೆ ಇನ್ನೂ ಕೆಲವು ವಾರ ಬೇಕಾಯಿತು.

ಕಳೆದ ತಿಂಗಳು ಎದುರು ಮನೆಯ ಸೊಸೆ ಬಂದು, ನನಗೂ ಆ ಹರಿಗೋಲಿನ ಕಾಗದ ಬೇಕು ಎಂದು ಕೇಳಿದಳು. ಅವಳಿಗೆ ಆರು ತಿಂಗಳು. ಹುಡುಕಿ ತೆಗೆದು ಒಮ್ಮೆ ಓದಿ ನೋಡಿದೆ. ಕೊನೆಯ ಸಾಲಿನಲ್ಲಿ, ಆ ಅಮೆರಿಕದವಳ ಮಾತನ್ನೇ ಹಿಡಿದು, "ನಿನಗೆ ನೋವೇ ಆಗುವುದಿಲ್ಲ" ಎಂದು ನಾನೇ ಬರೆದಿದ್ದೆ. ಬ್ಯಾಂಕಿನ ರೂಢಿಯಂತೆ ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಜೆರಾಕ್ಸ್ ಮಾಡಿಸಲು ಮೊಮ್ಮಗನ ಕೈಯಲ್ಲಿ ಕೊಟ್ಟು ಕಳಿಸಿದೆ.