ಸಣ್ಣ ನಾಯಿಯ ಊಟ: ತುಂಬಿಟ್ಟ ಬಟ್ಟಲೋ, ಗೊತ್ತಾದ ಹೊತ್ತೋ?

ಮನೆಯ ನಾಯಿಗೆ ಊಟ ಹಾಕುವುದರಲ್ಲಿ ಎರಡು ರೂಢಿಗಳಿವೆ. ಬೆಳಿಗ್ಗೆ ಬಟ್ಟಲು ತುಂಬಿಸಿಟ್ಟು, ನಾಯಿ ಬೇಕೆನಿಸಿದಾಗ ಬಂದು ತಿನ್ನಲಿ ಎಂದು ಬಿಟ್ಟುಬಿಡುವುದು ಒಂದು. ನಾಯಿ ಸಾಕುವವರ ನಡುವೆ ಇದಕ್ಕೆ ಫ್ರೀ ಫೀಡಿಂಗ್ ಎಂಬ ಹೆಸರಿದೆ. ಗೊತ್ತಾದ ಹೊತ್ತಿಗೆ ಅಳೆದು ಹಾಕಿ, ಕಾಲು ಗಂಟೆಯ ಬಳಿಕ ಬಟ್ಟಲು ಎತ್ತಿಡುವುದು ಇನ್ನೊಂದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಗಳ ವಿಷಯದಲ್ಲಿ ಪಶುವೈದ್ಯರು ಎರಡನೆಯದನ್ನೇ ಹೇಳುತ್ತಾರೆ, ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಚಿವಾವಾ, ಪೊಮೆರೇನಿಯನ್, ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್, ಶಿಹ್ ತ್ಸು, ಪಗ್, ಡ್ಯಾಷ್‌ಹಂಡ್‌ಗಳಲ್ಲಿ, ಕರ್ನಾಟಕದ ಮನೆಮನೆಗಳಲ್ಲಿ ಪೊಮೆರೇನಿಯನ್ ಎಂದೇ ಕರೆಸಿಕೊಳ್ಳುವ ಇಂಡಿಯನ್ ಸ್ಪಿಟ್ಜ್‌ನಲ್ಲಿ, ಅದು ಅಷ್ಟು ಬೇಗ ಮುಗಿಯುವುದಿಲ್ಲ. ಈ ಪುಟ್ಟ ದೇಹಗಳು ಹೆಚ್ಚು ಹೊತ್ತು ಹಸಿದಿರಲಾರವು. ಹಾಗೆಂದು ತುಸು ಹೆಚ್ಚು ತಿಂದರೂ ತಾಳಲಾರವು.

ಇದರ ಹಿಂದೆ ಒಂದು ಗಣಿತವಿದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದ ಸ್ವಿಸ್ ಮೂಲದ ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಪ್ರಾಣಿಗಳ ಚಯಾಪಚಯದ ಬಗ್ಗೆ ಒಂದು ಸೂತ್ರ ತೋರಿಸಿಕೊಟ್ಟರು. ದೇಹದ ತೂಕ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಶಕ್ತಿಯ ಅಗತ್ಯ ಹೆಚ್ಚುವುದಿಲ್ಲ. ಅದು ತೂಕದ 0.75ನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಪಶುವೈದ್ಯರು ಇಂದಿಗೂ ಇದನ್ನೇ ಆಧರಿಸಿ ಲೆಕ್ಕ ಹಾಕುತ್ತಾರೆ: ಕಿಲೋದಲ್ಲಿರುವ ತೂಕವನ್ನು 0.75ನೇ ಘಾತಕ್ಕೇರಿಸಿ 70ರಿಂದ ಗುಣಿಸಿದರೆ, ಸುಮ್ಮನೆ ಮಲಗಿರುವ ನಾಯಿಗೆ ದಿನಕ್ಕೆ ಬೇಕಾದ ಕಿಲೊಕ್ಯಾಲೊರಿ ಸಿಗುತ್ತದೆ. 30 ಕಿಲೋದ ನಾಯಿಗೆ ಇದು ಸುಮಾರು 900, ಅಂದರೆ ಕಿಲೋಗೆ 30. 2 ಕಿಲೋದ ಚಿವಾವಾಗೆ ಸುಮಾರು 118, ಅಂದರೆ ಕಿಲೋಗೆ 59. ಪುಟ್ಟ ನಾಯಿಯ ಒಂದೊಂದು ಕಿಲೋ ಮೈಯೂ ದೊಡ್ಡ ನಾಯಿಯ ಮೈಗಿಂತ ಎರಡರಷ್ಟು ಶಕ್ತಿ ಬೇಡುತ್ತದೆ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಶಾಖ ಸೋರುವುದೂ ಹೆಚ್ಚು. ಹೊಟ್ಟೆಯಾದರೋ ಸಣ್ಣದು.

ಈ ಗಣಿತ ಅಪಾಯಕ್ಕೆ ತಿರುಗುವುದು ಮರಿಗಳಲ್ಲಿ. ಊಟವಿಲ್ಲದ ಹೊತ್ತಿನಲ್ಲಿ ರಕ್ತದ ಸಕ್ಕರೆ ಕುಸಿಯದಂತೆ ಕಾಯುವುದು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜೆನ್. ಅದು ಮುಗಿದರೆ ಸ್ನಾಯುವಿನ ಪ್ರೋಟೀನು, ಕೊಬ್ಬು ಒಡೆದು ಶಕ್ತಿ ಹುಟ್ಟಬೇಕು. ಟಾಯ್ ಎಂದು ಕರೆಯುವ ಪುಟ್ಟ ತಳಿಯ ಎರಡು ತಿಂಗಳ, ಮುಷ್ಟಿಗಾತ್ರದ ಮರಿಯಲ್ಲಿ ಈ ಮೂರೂ ಕಡಿಮೆ. ಯಕೃತ್ತು ಹೊಸ ಸಕ್ಕರೆ ತಯಾರಿಸುವ ಕೆಲಸದಲ್ಲಿ ಇನ್ನೂ ಪಳಗಿಲ್ಲ. ಮಿದುಳೋ ದೇಹಕ್ಕೆ ಹೋಲಿಸಿದರೆ ದೊಡ್ಡದು, ಅದಕ್ಕೆ ಬೇಕಿರುವುದು ಸಕ್ಕರೆಯೇ. ಹೊಸ ಮನೆಗೆ ಬಂದ ಗಾಬರಿ, ಚಳಿ, ಜಂತುಹುಳು, ಒಂದು ಹೊತ್ತಿನ ಊಟ ತಪ್ಪಿದ್ದು — ಇವುಗಳಲ್ಲಿ ಎರಡು ಕೂಡಿಕೊಂಡರೂ ಸಾಕು. ಆಡುತ್ತಿದ್ದ ಮರಿ ಮಂಕಾಗಿ ಮೂಲೆ ಸೇರುತ್ತದೆ, ಎದ್ದರೆ ಹಿಂಗಾಲು ತೂರಾಡುತ್ತದೆ, ಮೈ ತಣ್ಣಗಾಗುತ್ತದೆ, ತಲೆ ಒಂದೆಡೆ ವಾಲುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಬೆರಳಿಗೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಹಚ್ಚಿಕೊಂಡು ಮರಿಯ ವಸಡಿಗೆ ಸವರಿ, ಮೈ ಬೆಚ್ಚಗಿಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದ ಮರಿಯ ಬಾಯಿಗೆ ಏನನ್ನೂ ಸುರಿಯಕೂಡದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಈ ಭಯದಿಂದಲೇ ಟಾಯ್ ತಳಿಗಳ ಮರಿಗಳನ್ನು ಮಾರುವವರು ಹಲವರು, ಬಟ್ಟಲು ಖಾಲಿಯಾಗಲು ಬಿಡಬೇಡಿ ಎಂದು ಹೇಳಿ ಕಳಿಸುತ್ತಾರೆ. ನಾಲ್ಕು ತಿಂಗಳೊಳಗಿನ ಮರಿಗೆ ಆ ಮಾತು ಒಪ್ಪತಕ್ಕದ್ದೇ. ಆದರೆ ತುಂಬಿದ ಬಟ್ಟಲು ಎದುರಿಗಿದ್ದರೆ ಮರಿ ತಿಂದಿದೆ ಎಂದಾಗುವುದಿಲ್ಲ. ಮೂರು ನಾಲ್ಕು ಗಂಟೆಗೊಮ್ಮೆ ಕೈಯಾರೆ ಹಾಕಿ, ತಿಂದದ್ದನ್ನು ಕಣ್ಣಾರೆ ಕಂಡು, ಮಲಗುವ ಮುಂಚೆ ಒಂದು ತುತ್ತು, ಎದ್ದೊಡನೆ ಒಂದು ತುತ್ತು ಕೊಡುವುದೇ ಹೆಚ್ಚು ಭದ್ರ. ಇನ್ನೊಂದು ತೊಡಕೆಂದರೆ, ಮರಿಯ ಕಾಲದಲ್ಲಿ ಹೇಳಿದ ಈ ಮಾತು ನಾಯಿ ಬೆಳೆದ ಮೇಲೂ ಮನೆಯಲ್ಲಿ ಹಾಗೇ ಉಳಿದುಬಿಡುತ್ತದೆ. ಬೆಳೆದ ಆರೋಗ್ಯವಂತ ಚಿವಾವಾ 10–12 ಗಂಟೆಯ ರಾತ್ರಿಯನ್ನು ಸಕ್ಕರೆ ಕುಸಿಯದೆ ಕಳೆಯಬಲ್ಲದು. ಬೆಳಗಿನ ಜಾವ ಹಳದಿ ನೊರೆ ವಾಂತಿ ಮಾಡುವ ನಾಯಿಗಳಲ್ಲಿ ಮಾತ್ರ ಅಂತರ ಉದ್ದವಾಗಿದ್ದರ ಸುಳಿವಿರುತ್ತದೆ: ಖಾಲಿ ಹೊಟ್ಟೆಗೆ ಪಿತ್ತರಸ ಹಿಮ್ಮುಖವಾಗಿ ನುಗ್ಗಿ ಕೆರಳಿಸಿರುತ್ತದೆ. ದಿನದ ಪಾಲಿನಲ್ಲೇ ಸ್ವಲ್ಪ ತೆಗೆದಿಟ್ಟು ಮಲಗುವ ಮುಂಚೆ ಕೊಟ್ಟರೆ ಸಾಮಾನ್ಯವಾಗಿ ಇದು ನಿಲ್ಲುತ್ತದೆ.

ನಾಯಿಯ ಸ್ವಭಾವಕ್ಕೆ ಯಾವ ಪದ್ಧತಿ ಹತ್ತಿರ ಎಂಬುದೂ ಕೇಳಬೇಕಾದ ಪ್ರಶ್ನೆ. ಬೆಕ್ಕು ಇಲಿಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತ ಬಂದ ಪ್ರಾಣಿ. ದಿನಕ್ಕೆ ಹತ್ತಾರು ಸಲ ಚೂರುಚೂರು ತಿನ್ನುವುದು ಅದರ ರೀತಿ. ನಾಯಿಯ ಪೂರ್ವಜನಾದ ತೋಳ ದೊಡ್ಡ ಬೇಟೆ ಸಿಕ್ಕಾಗ ಹಲವು ಕಿಲೋ ಮಾಂಸವನ್ನು ಒಂದೇ ಸಲಕ್ಕೆ ನುಂಗಿ, ಮತ್ತೆ ದಿನಗಟ್ಟಲೆ ಉಪವಾಸವಿರುತ್ತದೆ. ಮನುಷ್ಯನ ಜೊತೆಗೂಡಿದ ಮೇಲೆ ನಾಯಿ ಬದಲಾಯಿತು. ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಹೆಚ್ಚು ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಅನ್ನ, ಮುದ್ದೆ, ರೊಟ್ಟಿ ಅದಕ್ಕೆ ದಕ್ಕುವುದು ಹೀಗೆ. ಆದರೆ ಸಿಕ್ಕಿದ್ದನ್ನು ಸಿಕ್ಕಾಗಲೇ ತಿಂದು ಮುಗಿಸುವ ಹಂಬಲ ಬಹಳ ನಾಯಿಗಳಲ್ಲಿ ಹಾಗೇ ಉಳಿದಿದೆ. ಹೊಟ್ಟೆ ತುಂಬಿತು ಎಂದು ತಾನೇ ನಿಲ್ಲಿಸುವ ನಾಯಿಗಳು ಇಲ್ಲವೆಂದಲ್ಲ, ಸಣ್ಣ ತಳಿಗಳಲ್ಲಿ ಅಂಥವು ಒಂದಷ್ಟು ಸಿಗುತ್ತವೆ. ಪಗ್, ಬೀಗಲ್, ಡ್ಯಾಷ್‌ಹಂಡ್‌ಗಳನ್ನು ಮಾತ್ರ ಅದಕ್ಕೆ ನಂಬುವಂತಿಲ್ಲ.

ಬೊಜ್ಜಿನ ಪ್ರಶ್ನೆ ಬರುವುದು ಇಲ್ಲೇ. 3 ಕಿಲೋ ತೂಗಬೇಕಾದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 255 ಕಿಲೊಕ್ಯಾಲೊರಿ. ಪೊಟ್ಟಣದ ಒಣ ಆಹಾರದಲ್ಲಿ ಅದು ಹೆಚ್ಚುಕಡಿಮೆ 70 ಗ್ರಾಂ. ಕಾಫಿಯ ಹೊತ್ತಿನಲ್ಲಿ ಮನೆಯವರೆಲ್ಲ ಒಂದೊಂದು ಗ್ಲೂಕೋಸ್ ಬಿಸ್ಕತ್ತು ಹಾಕಿದರೆ, ಒಂದಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಕ್ಯಾಲೊರಿಯಂತೆ, ನಾಲ್ಕು ಬಿಸ್ಕತ್ತಿಗೇ ದಿನದ ಮೂರನೇ ಒಂದು ಭಾಗ ಆಗಿಹೋಯಿತು. ಬಟ್ಟಲೂ ತುಂಬಿಯೇ ಇದ್ದರೆ ಲೆಕ್ಕವನ್ನು ಸರಿದೂಗಿಸುವ ದಾರಿಯೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಶಕ್ತಿಯ ಅಗತ್ಯ ಇಳಿದು ಹಸಿವು ಏರುವುದರಿಂದ ಆ ತಿಂಗಳುಗಳಲ್ಲಂತೂ ಮೈ ಬೇಗ ಊದುತ್ತದೆ. 3 ಕಿಲೋದ ನಾಯಿಯಲ್ಲಿ ಮುನ್ನೂರು ಗ್ರಾಂ ಹೆಚ್ಚುವುದೆಂದರೆ 65 ಕಿಲೋದ ಮನುಷ್ಯ ಆರೂವರೆ ಕಿಲೋ ಹೆಚ್ಚಿಸಿಕೊಂಡಂತೆ. ದಟ್ಟ ಕೂದಲಿನ ಪೊಮೆರೇನಿಯನ್‌ನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ.

ಪರಿಣಾಮ ಸಣ್ಣದಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯ ಮತ್ತು ವಾಲ್ತಮ್ ಸಂಸ್ಥೆಯ ವಿಜ್ಞಾನಿಗಳು 12 ತಳಿಗಳ 50 ಸಾವಿರಕ್ಕೂ ಹೆಚ್ಚು ನಾಯಿಗಳ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹನ್ನೆರಡೂ ತಳಿಗಳಲ್ಲಿ ಬೊಜ್ಜು ಆಯುಸ್ಸನ್ನು ತಗ್ಗಿಸಿತ್ತು. ಗಂಡು ಜರ್ಮನ್ ಶೆಫರ್ಡ್‌ನಲ್ಲಿ ಈ ನಷ್ಟ ಸುಮಾರು 5 ತಿಂಗಳು. ಗಂಡು ಯಾರ್ಕ್‌ಶೈರ್ ಟೆರಿಯರ್‌ನಲ್ಲಿ ಎರಡೂವರೆ ವರ್ಷ. ಅತಿ ಹೆಚ್ಚು ಕಳೆದುಕೊಂಡದ್ದು ಪುಟ್ಟ ತಳಿಯೇ. ಬದುಕಿದಷ್ಟು ದಿನವೂ ಸುಖವಿಲ್ಲ. ಪೊಮೆರೇನಿಯನ್, ಯಾರ್ಕಿಗಳ ದುರ್ಬಲ ಶ್ವಾಸನಾಳ ಕೊಬ್ಬಿನ ಒತ್ತಡಕ್ಕೆ ಇನ್ನಷ್ಟು ಕುಸಿದು ಹೆಬ್ಬಾತಿನ ಕೂಗಿನಂಥ ಕೆಮ್ಮು ಹತ್ತುತ್ತದೆ. ಮಂಡಿಚಿಪ್ಪು ಜಾರುವ ತೊಂದರೆ ಬಿಗಡಾಯಿಸುತ್ತದೆ. ಡ್ಯಾಷ್‌ಹಂಡ್‌ನ ಉದ್ದನೆಯ ಬೆನ್ನು ಹೆಚ್ಚಿನ ಭಾರ ಹೊರಲಾರದು.

ಬಟ್ಟಲು ಸದಾ ತುಂಬಿರುವುದರ ಇನ್ನೊಂದು ಕೇಡಿನ ಬಗ್ಗೆ ಮಾತು ಕಡಿಮೆ, ಆದರೆ ಬೊಜ್ಜಿಗಿಂತ ಮೊದಲು ಹೇಳಬೇಕಾದದ್ದು ಅದೇ. ನಾಯಿಗೆ ಕಾಯಿಲೆ ಬಂದಾಗ ಮೊದಲು ತಪ್ಪುವುದು ಊಟ. ಕರ್ನಾಟಕದಲ್ಲಿ ಉಣುಗು ಕಚ್ಚಿ ಬರುವ ಟಿಕ್ ಫೀವರ್ ಸಾಮಾನ್ಯ. ಅದರ ಮೊದಲ ದಿನಗಳಲ್ಲಿ ಜ್ವರದ ಜೊತೆ ಕಾಣುವುದು ಊಟ ಬಿಟ್ಟದ್ದು, ಮಂಕಾದದ್ದು, ಇಷ್ಟೇ. ಹೆಣ್ಣುನಾಯಿಯ ಗರ್ಭಕೋಶದ ಕೀವು, ಮೂತ್ರಪಿಂಡದ ತೊಂದರೆ, ಹಲ್ಲುನೋವು ಎಲ್ಲದರ ಮುನ್ಸೂಚನೆಯೂ ಅದೇ. ಬೆಳಿಗ್ಗೆ ಎಂಟಕ್ಕೆ ಹಾಕಿದ ಊಟ ಎಂಟೂಕಾಲಿಗೂ ಹಾಗೇ ಇದ್ದರೆ ಆ ಮನೆಗೆ ಅಂದೇ ಗೊತ್ತಾಗುತ್ತದೆ. ತುಂಬಿಟ್ಟ ಬಟ್ಟಲಿನ ಮನೆಗೆ ಎರಡು ಮೂರು ದಿನ ಬೇಕು, ಮನೆಯಲ್ಲಿ ಎರಡು ನಾಯಿಗಳಿದ್ದರೆ ಅದಕ್ಕೂ ಹೆಚ್ಚು, ಏಕೆಂದರೆ ಒಂದು ಬಿಟ್ಟದ್ದನ್ನು ಇನ್ನೊಂದು ಮುಗಿಸಿರುತ್ತದೆ. 2 ಕಿಲೋದ ನಾಯಿಗೆ ಆ ಎರಡು ದಿನ ಬಹಳ ದೊಡ್ಡದು.

ಹೊತ್ತಿನ ಊಟಕ್ಕೆ ದೇಹವೂ ಹೊಂದಿಕೊಳ್ಳುತ್ತದೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ಇವಾನ್ ಪಾವ್ಲೊವ್ ತೋರಿಸಿದಂತೆ, ಊಟದ ಸೂಚನೆ ಸಿಕ್ಕೊಡನೆ, ತುತ್ತು ಬಾಯಿಗೆ ಬೀಳುವ ಮೊದಲೇ, ನಾಯಿಯ ಜೊಲ್ಲು ಮತ್ತು ಜಠರರಸ ಒಸರತೊಡಗುತ್ತವೆ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳೂ ಚಲಿಸುವುದರಿಂದ, ಮರಿಗಳು ಸಾಮಾನ್ಯವಾಗಿ ಊಟವಾಗಿ ಹತ್ತಿಪ್ಪತ್ತು ನಿಮಿಷದಲ್ಲಿ ಮಲವಿಸರ್ಜನೆಗೆ ಹೋಗುತ್ತವೆ. ಊಟದ ಹೊತ್ತು ಗೊತ್ತಿದ್ದರೆ ಹೊರಗೆ ಕರೆದೊಯ್ಯುವ ಹೊತ್ತೂ ಗೊತ್ತು. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಮರಿ ಸಾಕುವವರಿಗೆ ಇದು ಸಣ್ಣ ಅನುಕೂಲವಲ್ಲ. ಮಧುಮೇಹವಿರುವ ನಾಯಿಗಂತೂ ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್, ಅದಕ್ಕೆ ಜೋಡಿಯಾಗಿ ಊಟ. ಅಲ್ಲಿ ಆಯ್ಕೆಯ ಮಾತೇ ಇಲ್ಲ.

ಆಹಾರ ಕೆಡುವ ವಿಷಯವೂ ಇದೆ. ಮಳೆಗಾಲದಲ್ಲಿ ತೆರೆದಿಟ್ಟ ಒಣ ಆಹಾರ ಮೆತ್ತಗಾಗುತ್ತದೆ, ಅದರ ಕೊಬ್ಬು ಕಮಟುತ್ತದೆ, ಇರುವೆ ಮುತ್ತುತ್ತದೆ. ರಾತ್ರಿ ಬಟ್ಟಲಿಗೆ ಬರುವ ಇಲಿ ಹೆಗ್ಗಣಗಳ ಮೂತ್ರದಿಂದ ಇಲಿಜ್ವರ ನಾಯಿಗೂ ಮನುಷ್ಯರಿಗೂ ಹರಡಬಲ್ಲದು. ಅನ್ನ-ಕೋಳಿ, ಮೊಸರನ್ನದಂಥ ಮನೆಯಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಆದ್ದರಿಂದ ಮನೆಯಡುಗೆ ತಿನ್ನುವ ನಾಯಿಗೆ ಫ್ರೀ ಫೀಡಿಂಗ್ ಸಾಧ್ಯವೇ ಇಲ್ಲ.

ಹಾಗಾದರೆ ದಿನಕ್ಕೆ ಎಷ್ಟು ಹೊತ್ತಿನ ಊಟ? ಮೂರು ತಿಂಗಳವರೆಗೆ ನಾಲ್ಕರಿಂದ ಆರು, ಆರು ತಿಂಗಳವರೆಗೆ ಮೂರು ನಾಲ್ಕು, ಆಮೇಲೆ ಎರಡು ಅಥವಾ ಮೂರು. 2 ಕಿಲೋಗಿಂತ ಹಗುರಾದ ನಾಯಿಗೆ ಆಯುಷ್ಯಪೂರ್ತಿ ಮೂರು ಹೊತ್ತು ಒಳ್ಳೆಯದು. ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್ 2022ರಲ್ಲಿ ಸುಮಾರು 24 ಸಾವಿರ ನಾಯಿಗಳ ಮಾಲೀಕರ ಉತ್ತರಗಳನ್ನು ವಿಶ್ಲೇಷಿಸಿ, ಒಪ್ಪೊತ್ತು ಉಣ್ಣುವ ನಾಯಿಗಳಲ್ಲಿ ಮುಪ್ಪಿನ ಮರೆವು ಕಡಿಮೆ ಕಂಡಿತು ಎಂದಿತ್ತು. ಅದನ್ನು ಓದಿ ಪುಟ್ಟ ನಾಯಿಯ ಊಟ ಕಡಿತ ಮಾಡುವುದು ತಪ್ಪು. ಅದು ಪರಸ್ಪರ ಸಂಬಂಧವನ್ನಷ್ಟೇ ತೋರಿಸಿದ ಸಮೀಕ್ಷೆ. ಕಾಯಿಲೆಯ ನಾಯಿಗೆ ಹಲವು ಸಲ ಉಣಿಸುವುದು ವಾಡಿಕೆಯಾದ್ದರಿಂದ ಯಾವುದು ಕಾರಣ, ಯಾವುದು ಫಲ ಎಂದು ಅದರಿಂದ ತೀರ್ಮಾನಿಸಲಾಗದು. ಬಟ್ಟಲು ತುಂಬಿಡುವುದು ನಿಜಕ್ಕೂ ಸರಿಯಾಗುವ ಸಂದರ್ಭ ಒಂದಿದೆ: ಹಾಲೂಡುವ ತಾಯಿ. ಮರಿಗಳು ಮೂರು ನಾಲ್ಕು ವಾರದವಾದಾಗ ಅವಳ ಅಗತ್ಯ ಹಲವು ಪಟ್ಟು ಏರಿರುತ್ತದೆ, ಹೊತ್ತಿನ ಊಟ ಸಾಲದು.

ಅಳತೆಯಿಲ್ಲದೆ ಹೊತ್ತು ಮಾತ್ರ ಪಾಲಿಸಿದರೆ ಅರ್ಧ ಕೆಲಸವಾದಂತೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ 2019ರಲ್ಲಿ ನಾಯಿ ಸಾಕುವವರ ಕೈಗೆ ಅಳತೆಯ ಕಪ್ಪುಗಳನ್ನು ಕೊಟ್ಟು ನೋಡಿದಾಗ, ಬೇಕಾದದ್ದಕ್ಕಿಂತ ಶೇ 48ರಷ್ಟು ಕಡಿಮೆಯಿಂದ ಹಿಡಿದು ಶೇ 152ರಷ್ಟು ಹೆಚ್ಚಿನವರೆಗೆ ತುಂಬಿದವರಿದ್ದರು. ಅಳತೆ ಸಣ್ಣದಾದಷ್ಟೂ ತಪ್ಪು ಹೆಚ್ಚಿತ್ತು. ದಿನಕ್ಕೆ 70 ಗ್ರಾಂ ತಿನ್ನುವ ನಾಯಿಗೆ 10 ಗ್ರಾಂ ಹೆಚ್ಚಾದರೂ ಶೇ 14ರಷ್ಟು ಹೆಚ್ಚು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಡಬ್ಬಿಗೆ ಹಾಕಿಟ್ಟು, ಊಟವನ್ನೂ ತರಬೇತಿಯ ತುಣುಕುಗಳನ್ನೂ ಅದರಿಂದಲೇ ತೆಗೆಯುವುದು ಒಳ್ಳೆಯ ಉಪಾಯ. ಬಿಸ್ಕತ್ತು, ಚೀಸ್‌ನಂಥ ಮೇಲುತಿಂಡಿ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ಮೀರಬಾರದು. ಹಗಲಿಡೀ ಮನೆಯವರು ಕೆಲಸಕ್ಕೆ ಹೋಗುವಲ್ಲಿ ಗಡಿಯಾರವಿರುವ ಸ್ವಯಂಚಾಲಿತ ಬಟ್ಟಲು ಮಧ್ಯಾಹ್ನದ ಪಾಲನ್ನು ನೋಡಿಕೊಳ್ಳುತ್ತದೆ.

ತುಂಬಿದ ಬಟ್ಟಲಿಗೆ ಒಗ್ಗಿದ ಬೆಳೆದ ನಾಯಿಯನ್ನು ಹೊತ್ತಿಗೆ ತರುವುದು ಒಂದೆರಡು ವಾರದ ಕೆಲಸ. ಮೊದಲು ದಿನಕ್ಕೆ ಮೂರು ಸಲ ಇಟ್ಟು, ಹದಿನೈದು ಇಪ್ಪತ್ತು ನಿಮಿಷಕ್ಕೆ ಎತ್ತಬೇಕು. ನೀರು ಮಾತ್ರ ಸದಾ ಇರಬೇಕು. ಮೊದಲ ದಿನ ಮೂಸಿ ಹೋದರೆ ಮನಸ್ಸು ಕರಗಿ ಕೋಳಿ ಬೆರೆಸಿ ಕೊಡಬಾರದು, ಮುಂದಿನ ಹೊತ್ತಿಗೆ ಅದೇ ಊಟ ಇಡಬೇಕು. ಮರಿಗಳಿಗೆ, ಕಾಯಿಲೆಯವಕ್ಕೆ, ತೀರ ಪುಟ್ಟ ನಾಯಿಗಳಿಗೆ ಈ ಹಟ ಸಲ್ಲದು. ತಿಂಗಳಿಗೊಮ್ಮೆ ತೂಗಬೇಕು, ಕೂದಲೊಳಗೆ ಬೆರಳು ತೂರಿಸಿ ಪಕ್ಕೆಲುಬು ಮುಟ್ಟಿ ನೋಡಬೇಕು. ಒತ್ತದೆಯೇ ಎಲುಬುಗಳು ಒಂದೊಂದಾಗಿ ಬೆರಳಿಗೆ ಸಿಕ್ಕಿದರೆ ಪಾಲು ಸರಿಯಿದೆ. ಒತ್ತಿ ಹುಡುಕಬೇಕಾದರೆ ಹೆಚ್ಚಾಗಿದೆ. ಬೆಳೆದ ನಾಯಿ ಇಡೀ ದಿನ ಏನನ್ನೂ ಮುಟ್ಟದಿದ್ದರೆ, ಮರಿ ಎರಡು ಹೊತ್ತು ಬಿಟ್ಟರೆ, ಅದನ್ನು ಹಟವೆಂದು ಭಾವಿಸದೆ ಪಶುವೈದ್ಯರ ಬಳಿಗೆ ಕರೆದೊಯ್ಯಿರಿ.