ಎರಡು ಸ್ವರಗಳ ನಡುವಿನ ವ್ಯಂಜನ

ಒಂದು ಸ್ವರವನ್ನು ನಡುವಿಟ್ಟುಕೊಂಡು ಅದರ ಅಕ್ಕಪಕ್ಕ ವ್ಯಂಜನಗಳು ಕೂಡಿ ಒಂದೇ ಏಟಿಗೆ ಹೊರಡುವ ಧ್ವನಿಗುಂಪು ಉಚ್ಚಾರಾಂಶ. ಇಂಗ್ಲಿಷಿನ ಉಚ್ಚಾರಾಂಶ ಸ್ವರಕ್ಕೆ ಮೊದಲೇ ಮೂರು ವ್ಯಂಜನಗಳನ್ನು ಹೊರಬಲ್ಲದು. 'ಸ್ಟ್ರಿಂಗ್' ಎಂಬುದು ಇಡಿಯಾಗಿ ಒಂದೇ ಉಚ್ಚಾರಾಂಶ. ಆಡುಗನ್ನಡಕ್ಕೆ ಇಂಥ ಭಾರ ಒಗ್ಗದು. ಅದಕ್ಕೇ 'ಸ್ಕೂಲ್' ಹಳ್ಳಿಯ ನಾಲಿಗೆಯಲ್ಲಿ 'ಇಸ್-ಕೂ-ಲು' ಎಂದು ಮೂರಾಗುತ್ತದೆ.

ಉಚ್ಚಾರಾಂಶಗಳನ್ನು ಎಣಿಸುವುದು ಸುಲಭ, ಅವುಗಳ ಗಡಿ ಗುರುತಿಸುವುದು ಕಷ್ಟ. ಎರಡು ಸ್ವರಗಳ ನಡುವೆ ಒಂಟಿ ವ್ಯಂಜನ ನಿಂತರೆ ಅದು ಯಾರ ಪಾಲು? 'ಟೈಗರ್' ಪದದಲ್ಲಿ ಗಕಾರ ಮುಂದಕ್ಕೆ ಸರಿದು ಮೊದಲ ಉಚ್ಚಾರಾಂಶದ ಬಾಗಿಲು ತೆರೆದೇ ಉಳಿಯುತ್ತದೆ. ಅಲ್ಲಿನ ಸ್ವರ 'ಐ' ಎಂದು ತನ್ನ ಹೆಸರನ್ನೇ ನುಡಿಯುತ್ತದೆ. 'ಟಿಮಿಡ್' ಪದದಲ್ಲಿ ಮಕಾರ ಹಿಂದಕ್ಕೆ ಅಂಟಿ ಬಾಗಿಲು ಮುಚ್ಚುವುದರಿಂದ ಅದೇ ಅಕ್ಷರ ಹ್ರಸ್ವ 'ಇ' ಆಗುತ್ತದೆ. ಈ ಮುಚ್ಚುಗೆಯನ್ನು ಕಣ್ಣಿಗೆ ತೋರಿಸಲು ಇಂಗ್ಲಿಷ್ ಬರವಣಿಗೆ ಹಲವೆಡೆ ವ್ಯಂಜನವನ್ನು ಇಮ್ಮಡಿಸುತ್ತದೆ: ಒಂದು ಎನ್ ಇದ್ದರೆ 'ಡೈನರ್', ಎರಡಿದ್ದರೆ 'ಡಿನರ್'. ಎರಡನೆಯ ಎನ್ ಬಾಯಿಗೆ ಬರುವುದೇ ಇಲ್ಲ. ಬರೆದ ದ್ವಿತ್ವವನ್ನೆಲ್ಲ ನುಡಿಯುವ ಕನ್ನಡಿಗರಲ್ಲಿ ಮಾತ್ರ ಅದು 'ಡಿನ್ನರ್' ಆಗಿ ನೆಲೆಯೂರಿದೆ. ನಮ್ಮ ಲಿಪಿಯ ಪ್ರಾಮಾಣಿಕತೆ ಕಲಿಸಿದ ಅಭ್ಯಾಸವದು. ಹಾಗೆ ನೋಡಿದರೆ ನಮ್ಮ ಛಂದಸ್ಸಿಗೂ ಈ ಮುಚ್ಚುಗೆಯ ಅರಿವಿದೆ. 'ಪುಸ್ತಕ'ವನ್ನು ಪು-ಸ್ತ-ಕ ಎಂದು ಬರೆದರೂ ಒತ್ತಕ್ಷರದ ಹಿಂದಿನ 'ಪು' ಗುರುವಾಗುವುದು, ಕಿವಿಗೆ ಅದು 'ಪುಸ್' ಎಂದು ಕೇಳುವುದರಿಂದಲೇ.

ಇಂಗ್ಲಿಷಿನಲ್ಲಿ ಕಿವಿಯ ಪರ ನಿಂತವರು ಅಮೆರಿಕದ ನೋವಾ ವೆಬ್‌ಸ್ಟರ್. ಹಳೆಯ ಪಠ್ಯಗಳು 'ಹ್ಯಾ-ಬಿಟ್', 'ಕ್ಲ-ಸ್ಟರ್' ಎಂದು ಒಡೆಯುತ್ತಿದ್ದುದನ್ನು 1783ರ ತಮ್ಮ ಕಾಗುಣಿತ ಪುಸ್ತಕದಲ್ಲಿ ಅವರು 'ಹ್ಯಾಬ್-ಇಟ್', 'ಕ್ಲಸ್-ಟರ್' ಎಂದು ತಿದ್ದಿದರು. ಒಡೆದ ತುಂಡನ್ನು ಓದಿದ ಕೂಡಲೇ ಮಗುವಿಗೆ ಸರಿಯಾದ ಸ್ವರ ಸಿಗುವ ಈ ಕ್ರಮ ನಿಜಕ್ಕೂ ದೊಡ್ಡ ಉಪಕಾರ. ಬ್ರಿಟಿಷ್ ಮುದ್ರಕರ ಸಂಪ್ರದಾಯ ಪದದ ಹುಟ್ಟಿಗೆ ಹೆಚ್ಚು ಬೆಲೆ ಕೊಟ್ಟಿತು; ಅಮೆರಿಕದ 'ನಾಲ್-ಎಜ್' ಅಲ್ಲಿ 'ನೋ-ಲೆಜ್' ಎಂದು ಒಡೆಯುತ್ತಿತ್ತು.

ಸಾಲಿನ ಕೊನೆಯಲ್ಲಿ ಪದ ಒಡೆಯುವ ಕೆಲಸವನ್ನು ಈಗ ಗಣಕ ಮಾಡುತ್ತದೆ. ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶಕ್ಕಾಗಿ ಸ್ಟ್ಯಾನ್‌ಫರ್ಡ್‌ನ ಫ್ರಾಂಕ್ ಲಿಯಾಂಗ್ ರೂಪಿಸಿ, 1983ರ ಪ್ರಬಂಧದಲ್ಲಿ ವಿವರಿಸಿದ ವಿಧಾನ 4,447 ಅಕ್ಷರ ವಿನ್ಯಾಸಗಳನ್ನು ನೋಡಿ ಗಡಿ ಹುಡುಕುತ್ತದೆ. ಜೊತೆಗಿರುವ 14 ಅಪವಾದಗಳ ಪಟ್ಟಿಯಲ್ಲಿ 'ಪ್ರೆಸೆಂಟ್' ಮತ್ತು 'ಪ್ರಾಜೆಕ್ಟ್' ಇವೆ. ನಾಮಪದವಾದಾಗ ಮೊದಲ ಉಚ್ಚಾರಾಂಶಕ್ಕೆ ಬೀಳುವ ಸ್ವರಾಘಾತ ವ್ಯಂಜನವನ್ನು ಹಿಂದಕ್ಕೆಳೆದು 'ಪ್ರೆಸ್-ಎಂಟ್' ಮಾಡಿದರೆ, ಕ್ರಿಯಾಪದದಲ್ಲಿ ಅದು ಎರಡನೆಯದಕ್ಕೆ ಸರಿದು 'ಪ್ರಿ-ಸೆಂಟ್' ಆಗುತ್ತದೆ. ಅಕ್ಷರಗಳನ್ನಷ್ಟೇ ಕಾಣುವ ಯಂತ್ರಕ್ಕೆ ಈ ಭೇದ ಗೊತ್ತಾಗದು. ಆದ್ದರಿಂದ ಈ ಎರಡು ಪದಗಳನ್ನು ಎಲ್ಲಿಯೂ ಒಡೆಯದೆ ಇಡಿಯಾಗಿ ಬಿಡಲಾಗಿದೆ.